ಮನೆಯಲ್ಲೇ ಮಾಡಿದ ರಿಬ್ಬನ್ ಸ್ಪೀಕರ್ ಗರಗರ ಎನ್ನುವುದೇಕೆ?

ಪ್ರಶ್ನೆ: ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಬಳಸಿ ರಿಬ್ಬನ್ ಟ್ವೀಟರ್ ಮಾಡಿದ್ದೇನೆ. ದನಿ ಬಹಳ ಕ್ಷೀಣ, ಜೊತೆಗೆ ಗರಗರ ಸದ್ದು. ಯಾಕೆ?

ಉತ್ತರ: ಆಂಪ್ಲಿಫೈಯರ್‌ಗೂ ರಿಬ್ಬನ್‌ಗೂ ನಡುವೆ ಟ್ರಾನ್ಸ್‌ಫಾರ್ಮರ್ ಇದೆಯೇ? ಇಲ್ಲದಿದ್ದರೆ ಈಗಲೇ ಬಿಚ್ಚಿಡಿ. ಫಾಯಿಲ್ ಪಟ್ಟಿಯ ರೋಧ ಓಮ್‌ನ ಒಂದು ಸಣ್ಣ ಅಂಶ ಮಾತ್ರ. ಆಂಪ್ಲಿಫೈಯರ್ ಪಾಲಿಗೆ ಅದು ಶಾರ್ಟ್ ಸರ್ಕ್ಯೂಟ್, ಸುಟ್ಟೇ ಹೋದೀತು. ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳ ಅನುಪಾತ 20:1 ಇದ್ದರೆ 0.02 ಓಮ್‌ನ ರಿಬ್ಬನ್ 20×20, ಅಂದರೆ 400 ಪಟ್ಟಾಗಿ, 8 ಓಮ್‌ನಂತೆ ವರ್ತಿಸುತ್ತದೆ.

ಟ್ರಾನ್ಸ್‌ಫಾರ್ಮರ್ ಇದ್ದೂ ದನಿ ಕ್ಷೀಣವಾಗಿದ್ದರೆ ನನ್ನ ಅನುಮಾನ ಫಾಯಿಲ್‌ನ ತುದಿಗಳ ಮೇಲೆ. ಅಲ್ಯೂಮಿನಿಯಂಗೆ ಸದಾ ಆಕ್ಸೈಡ್ ಪೊರೆ ಇರುತ್ತದೆ. ಇಷ್ಟು ಕಡಿಮೆ ರೋಧದ ಕಡೆ ಸಡಿಲ ಜೋಡಣೆಯೊಂದೇ ಶಕ್ತಿಯ ದೊಡ್ಡ ಪಾಲನ್ನು ನುಂಗಿಬಿಡುತ್ತದೆ. ತುದಿಗಳನ್ನು ನಯವಾದ ಎಮೆರಿ ಕಾಗದದಲ್ಲಿ ಮೆಲ್ಲಗೆ ತಿಕ್ಕಿ, ತಾಮ್ರದ ಪಟ್ಟಿಗಳ ನಡುವೆ ಬಿಗಿಯಾಗಿ ಸ್ಕ್ರೂ ಹಾಕಿ.

ಗರಗರಕ್ಕೆ ಸಾಮಾನ್ಯ ಕಾರಣ, ರಿಬ್ಬನ್ ಜೋತುಬಿದ್ದು ಅದರ ಅಂಚು ಅಯಸ್ಕಾಂತಕ್ಕೆ ತಾಗುವುದು. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ: ಎರಡೂ ಬದಿಯಲ್ಲಿ ತೆಳು ಬೆಳಕಿನ ಗೆರೆ ಉದ್ದಕ್ಕೂ ಕಾಣಬೇಕು. ಅಯಸ್ಕಾಂತಕ್ಕೆ ಮೆತ್ತಿದ ಕಬ್ಬಿಣದ ಪುಡಿಯೂ ಸದ್ದು ಮಾಡುತ್ತದೆ; ಅಂಟುಟೇಪ್ ಒತ್ತಿ ತೆಗೆಯಿರಿ. ಫಾಯಿಲ್‌ಗೆ ಅಡ್ಡಡ್ಡ ನೆರಿಗೆ ಇರಲೇಬೇಕು. ಸುಮಾರು 3,000 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಕ್ರಾಸ್‌ಓವರ್‌ನಲ್ಲೇ ತಡೆಯಿರಿ, ರಿಬ್ಬನ್ ಹರಿಯುವುದಿಲ್ಲ.