ಸೊಪ್ಪು ಸಾಗಿಸೋ ಸೈಕಲ್‌ಗೆ ಕ್ಯಾರಿಯರ್, ಜೋಡಿ ಚೀಲ

ಹದಿನೈದು ಕೆಜಿ ಸೊಪ್ಪು-ತರಕಾರಿಯನ್ನು ಕುವೆಂಪುನಗರ, ಸರಸ್ವತಿಪುರಂ ಮನೆಗಳಿಗೆ ಕೊಡೋಕೆ ನಾನು ಗೂಡ್ಸ್ ಆಟೊ ಕರೆಯಲ್ಲ. ಬಾಡಿಗೆಗೇ ಲಾಭ ಹೋಗುತ್ತೆ. 2017ರಲ್ಲೇ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಕಂಡ ಮೈಸೂರಲ್ಲಿ ಸೈಕಲ್ ಏರೋಕೆ ನಾಚಿಕೆ ಯಾಕೆ?

ಮುಖ್ಯವಾದದ್ದು ಭಾರ ಎಲ್ಲಿ ಕೂರುತ್ತೆ ಅನ್ನೋದು. ಹ್ಯಾಂಡಲ್‌ಗೆ ಚೀಲ ನೇತುಹಾಕಬೇಡಿ, ತಿರುವಿನಲ್ಲಿ ಅದೇ ಎಳೆಯುತ್ತೆ. ಮನೆಯಲ್ಲಿ ಅಜ್ಜನ ಕಾಲದ ಕಪ್ಪು ಅಟ್ಲಾಸೋ ಹೀರೋನೋ ಇದ್ದರೆ ಅದೃಷ್ಟ. ಅದರ ಕ್ಯಾರಿಯರ್ ಕಾಲುಗಳು ನೇರವಾಗಿ ಹಿಂಚಕ್ರದ ಆಕ್ಸಲ್ ಮೇಲೆ ನಿಲ್ಲುತ್ತವೆ. ಗೇರ್ ಸೈಕಲ್ ಆದರೆ ಆಕ್ಸಲ್ ಪಕ್ಕದ ಫ್ರೇಮಿನಲ್ಲಿ ಬೋಲ್ಟ್ ತೂತು ಇದೆಯಾ ನೋಡಿ, ಸಾಮಾನ್ಯವಾಗಿ 5 ಎಂಎಂ. ಡಿಸ್ಕ್ ಬ್ರೇಕ್ ಇದ್ದರೆ ಅದಕ್ಕೆ ತಾಗದಂಥ ಕ್ಯಾರಿಯರ್ ಕೇಳಿ. ಸೀಟ್ ಕಂಬಕ್ಕೆ ಮಾತ್ರ ಬಿಗಿಯೋದು ಬೇಡವೇ ಬೇಡ. ಭಾರ ಬಿದ್ದರೆ ಪಕ್ಕಕ್ಕೆ ತಿರುಗಿಕೊಳ್ಳುತ್ತೆ. ಕ್ಯಾರಿಯರ್ ಮೇಲೆ 25 ಕೆಜಿ ಅಂತ ಅಚ್ಚಿದ್ದರೆ ಚೀಲದ ತೂಕವೂ ಅದರೊಳಗೇ.

ದುಬಾರಿ ಪ್ಯಾನಿಯರ್ ಬ್ಯಾಗೇ ಬೇಕಿಲ್ಲ. ಎರಡು ಗಟ್ಟಿ ಚೀಲ ಜೋಡಿಸಿ ಹೊಲಿಸಿ, ಚಕ್ರದ ಕಡೆಗೆ ತೆಳು ಪ್ಲೈವುಡ್ ಹಲಗೆ ಇಡಿಸಿ. ಹಲಗೆ ಇಲ್ಲದಿದ್ದರೆ ಬಟ್ಟೆ ಕಡ್ಡಿಗಳಿಗೆ ಸಿಕ್ಕಿ ಚಕ್ರ ಹಿಡಿದುಕೊಳ್ಳುತ್ತೆ. ಖಾಲಿ ಚೀಲ ಹಾಕಿ ಪೆಡಲ್ ತುಳಿದು ನೋಡಿ: ಹಿಮ್ಮಡಿ ತಾಗಿದರೆ ಸ್ವಲ್ಪ ಹಿಂದಕ್ಕೆ ಸರಿಸಿ. ತೀರಾ ಹಿಂದೆ ಹೋದರೆ ಮುಂದಿನ ಚಕ್ರ ಹಗುರಾಗಿ ಅಲುಗಾಡುತ್ತೆ.

ಕುಂಬಳ, ಗೆಡ್ಡೆ ಕೆಳಗೆ; ದಂಟು, ಪಾಲಕ್ ಮೇಲೆ, ಒದ್ದೆ ಗೋಣಿಯಲ್ಲಿ ಸುತ್ತಿ. ಪ್ಲಾಸ್ಟಿಕ್ಕಲ್ಲಿ ಕಟ್ಟಿದ ಸೊಪ್ಪು ಬೆವರಿ ಬಾಡುತ್ತೆ. ಎರಡೂ ಕಡೆ ತೂಕ ಸಮ ಇರಲಿ. ಮೊದಲ ವಾರ ದಿನಾ ನಟ್ಟು ಮುಟ್ಟಿ ನೋಡಿ, ಸಡಿಲವಾಗ್ತಿದ್ದರೆ ನೈಲಾಕ್ ನಟ್ ಹಾಕಿಸಿ.