ಬಯಲಿನ ಬಾರ್ ಕೌಂಟರ್: ಕರಾವಳಿಯ ಮಳೆಗೆ ನಿಲ್ಲುವ ಹಾಸು ಯಾವುದು?

ಉಡುಪಿ: ಕಡಲತಡಿಯ ರೆಸಾರ್ಟ್ ಹಾಗೂ ಹೋಮ್‌ಸ್ಟೇಗಳ ಅಂಗಳದಲ್ಲಿ ನಿರ್ಮಿಸುವ ಬಾರ್ ಕೌಂಟರ್ ಡಿಸೆಂಬರಿನಲ್ಲಿ ಹೇಗಿದ್ದರೂ ಹೊಳೆಯುತ್ತದೆ. ಅದರ ಮೇಲ್ಹಾಸಿನ ಯೋಗ್ಯತೆ ತಿಳಿಯುವುದು ಮಳೆಗಾಲ ಕಳೆದ ಮೇಲೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಬೇಸಿಗೆಯ ಸುಡುಬಿಸಿಲು, ಉಪ್ಪುಗಾಳಿ. ಮೂರನ್ನೂ ತಾಳುವ ವಸ್ತುವಿನ ಆಯ್ಕೆಯಲ್ಲಿ ಎಡವಿದರೆ ಪ್ರತಿವರ್ಷ ಬಡಗಿಯನ್ನು ಕರೆಸುವ ಖರ್ಚು ತಪ್ಪದು.

ಹಲವರು ಮರುಳಾಗುವುದು 'ಮೆರೈನ್ ಪ್ಲೈವುಡ್' ಎಂಬ ಹೆಸರಿಗೆ. ಐಎಸ್ 710 ಮಾನಕದ ಈ ಪ್ಲೈವುಡ್‌ನ ಮಾದರಿಯನ್ನು 72 ಗಂಟೆ ಕುದಿನೀರಿನಲ್ಲಿಟ್ಟು ಪರೀಕ್ಷಿಸುವುದು ನಿಜ. ಆದರೆ ಅದು ಪದರಗಳನ್ನು ಹಿಡಿದಿಡುವ ಅಂಟಿನ ಪರೀಕ್ಷೆ. ಕತ್ತರಿಸಿದ ಅಂಚನ್ನು ಹಾಗೆಯೇ ಬಿಟ್ಟರೆ ಮರ ನೀರು ಹೀರುತ್ತದೆ. ಮೇಲಿನ ತೆಳುಪದರ ಬಿಸಿಲಿಗೆ ಬಿರಿಯುತ್ತದೆ.

ನಿಶ್ಚಿಂತೆ ಬಯಸುವವರಿಗೆ ಗ್ರಾನೈಟ್ ಉತ್ತಮ. ಕಪ್ಪು ಬಣ್ಣದ್ದು ಮಾತ್ರ ಮಧ್ಯಾಹ್ನದ ಬಿಸಿಲಿಗೆ ಕಾವಲಿಯಂತೆ ಕಾಯುವುದರಿಂದ ನೆರಳಿಲ್ಲದ ಕಡೆ ತಿಳಿಬಣ್ಣದ ಕಲ್ಲು ಲೇಸು. ಅಗ್ಗವೆಂದು ಕಡಪ ಕಲ್ಲು ಹಾಸಿದರೆ ಬಾರ್‌ನಲ್ಲಿ ತೊಂದರೆ ಖಚಿತ. ಅದು ಸುಣ್ಣದ ಕಲ್ಲಿನ ಜಾತಿ. ಲಿಂಬೆರಸ ಬಿದ್ದಲ್ಲೆಲ್ಲ ಹೊಳಪು ಹೋಗಿ ಕಲೆ ಉಳಿಯುತ್ತದೆ. ಅಮೃತಶಿಲೆಯ ಪಾಡೂ ಅದೇ. ಸ್ಟೇನ್‌ಲೆಸ್ ಸ್ಟೀಲ್ ಆದರೆ 304ರ ಬದಲು ಮಾಲಿಬ್ಡಿನಂ ಬೆರೆತ 316 ದರ್ಜೆಯದನ್ನೇ ಕೇಳಿ ಪಡೆಯಬೇಕು. ಸಮುದ್ರದ ಗಾಳಿಗೆ 304ರ ಮೇಲೆ ಕಂದು ಕಲೆಗಳು ಬೇಗನೆ ಕಾಣಿಸಿಕೊಳ್ಳುತ್ತವೆ.

ಮರವೇ ಬೇಕೆಂದರೆ ಸಾಗುವಾನಿಗೆ ಸಾಟಿಯಿಲ್ಲ. ಇಲ್ಲಿ ಲೇಪನದ ಪ್ರಶ್ನೆ ಮುಖ್ಯ. ಗಾಜಿನಂತೆ ಕಾಣುವ ಎಪಾಕ್ಸಿ, ಬಿಸಿಲಿನ ಅತಿನೇರಳೆ ಕಿರಣಗಳಿಗೆ ಹಳದಿಗಟ್ಟುತ್ತದೆ. ಹೊರಾಂಗಣಕ್ಕೆಂದೇ ತಯಾರಾದ ಪಾಲಿಯುರೆಥೇನ್ ಹೆಚ್ಚು ಬಾಳುತ್ತದೆಯಾದರೂ ಒಂದೆಡೆ ಬಿರುಕು ಬಿಟ್ಟರೆ ನೀರು ಒಳನುಗ್ಗಿ ಮರ ಕಪ್ಪಾಗುತ್ತದೆ. ಆಗ ಪೂರ್ತಿ ಉಜ್ಜಿ ತೆಗೆಯದೆ ಗತ್ಯಂತರವಿಲ್ಲ. ಮರದೊಳಗೆ ಇಳಿಯುವ ಎಣ್ಣೆಯನ್ನು ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಬಳಿಯುವುದು ಸುಲಭದ ದಾರಿ. ಹಸಿ ಅಗಸೆ ಎಣ್ಣೆ ಮಾತ್ರ ಬೇಡ, ನಮ್ಮ ತೇವದ ಹವೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ದೋಣಿಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಗಟ್ಟಿಯೇ ಸರಿ. ಆದರೆ ಅದು ಚರ್ಮವನ್ನು ಸುಡುವಂಥದ್ದು. ತಟ್ಟೆ ಇಡುವ, ಮೊಣಕೈ ಊರುವ ಜಾಗಕ್ಕೆ ತಕ್ಕುದಲ್ಲ.

ಲೇಪನವನ್ನು ಹಲಗೆಯ ತಳಭಾಗಕ್ಕೂ ಅಂಚುಗಳಿಗೂ ಬಳಿಯಲು ಕೆಲಸಗಾರರು ಮರೆಯುವುದೇ ಹೆಚ್ಚು. ಹಲಗೆ ಸೊಟ್ಟಗಾಗುವುದು ಬಹುಪಾಲು ಈ ಕಾರಣದಿಂದ. ಮಳೆಗಾಲದಲ್ಲಿ ಮರ ಅಗಲಕ್ಕೆ ಹಿಗ್ಗುವುದರಿಂದ ಸ್ಕ್ರೂ ರಂಧ್ರಗಳನ್ನು ತುಸು ಉದ್ದವಾಗಿ ಕೊರೆಸಬೇಕು. ಮೀಟರಿಗೆ ಒಂದು ಸೆಂ.ಮೀ.ನಷ್ಟು ಇಳಿಜಾರು, ತಳದಲ್ಲಿ ಅಂಚಿಗೆ ಸಮೀಪವಾಗಿ ಒಂದು ಸಣ್ಣ ಗೀರುಗಾಲುವೆ ಇದ್ದರೆ ನೀರು ಒಳಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ.