ಹಳೇ ಜಾವಾ, ಯೆಜ್ಡಿ ಬೈಕ್‌ನ ಇಂಡಿಕೇಟರ್ ಮಿಂಚುತ್ತಿಲ್ಲವೇ? ಎಲ್‌ಇಡಿ ಬಲ್ಬ್ ಹಾಕಿದರೆ ಸಾಕೇ?

‘ಹಳೇ ಬೈಕ್‌ನ ಇಂಡಿಕೇಟರ್ ಕೆಟ್ಟಿದೆಯೇ? ಬಲ್ಬ್ ತೆಗೆದು ಎಲ್‌ಇಡಿ ಹಾಕಿ, ಸಮಸ್ಯೆ ಮುಗಿಯಿತು.’ ಇಂಥ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಬೈಕ್‌ಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಅಲ್ಲಿಂದ ಬಂದ ಕೊನೆಯ ಬೈಕ್‌ನ ವೈರಿಂಗ್‌ಗೂ ಈಗ ಸುಮಾರು ಮೂರು ದಶಕ ತುಂಬಿದೆ. ಕೊಪ್ಪ, ಶೃಂಗೇರಿ, ಹಿರೇಕೊಡಿಗೆ ಕಡೆಯ ಮಳೆಗಾಲದಲ್ಲಿ ಇಂಡಿಕೇಟರ್ ಕೈಕೊಟ್ಟರೆ, ತಿರುವಿನಲ್ಲಿ ಹಿಂದೆ ಬರುವ ಬಸ್ಸಿನವರಿಗೆ ನೀವು ಎತ್ತ ತಿರುಗುತ್ತೀರಿ ಎಂದು ಗೊತ್ತಾಗುವುದಿಲ್ಲ.

ಇಂಡಿಕೇಟರ್ ಮಿಂಚುವುದು ಹೇಗೆ?

ಹಳೇ ಫ್ಲಾಶರ್ ಒಳಗೆ ಶಾಖಕ್ಕೆ ಬಾಗುವ ಲೋಹದ ಪಟ್ಟಿ ಇರುತ್ತದೆ. ಬಲ್ಬ್‌ಗೆ ಹೋಗುವ ಕರೆಂಟ್‌ನಿಂದಲೇ ಅದು ಬಿಸಿಯಾಗಿ ಬಾಗುತ್ತದೆ, ಸಂಪರ್ಕ ತಪ್ಪುತ್ತದೆ. ತಣ್ಣಗಾದಾಗ ಮತ್ತೆ ಸೇರುತ್ತದೆ. ಹಾಗಾಗಿ ಸಾಕಷ್ಟು ಕರೆಂಟ್ ಹರಿದರೆ ಮಾತ್ರ ಇಂಡಿಕೇಟರ್ ಮಿಂಚುತ್ತದೆ.

6 ವೋಲ್ಟ್ ಬೈಕ್‌ನಲ್ಲಿ ಒಂದು ಬದಿಗೆ 10 ವ್ಯಾಟ್‌ನ ಎರಡು ಬಲ್ಬ್ ಇದ್ದರೆ ಸುಮಾರು 3.3 ಆಂಪಿಯರ್ ಹರಿಯುತ್ತದೆ. ಅಲ್ಲಿ 1 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಅದರ ಹತ್ತನೇ ಒಂದು ಭಾಗ ಮಾತ್ರ. ಪಟ್ಟಿ ಬಿಸಿಯಾಗುವುದೇ ಇಲ್ಲ. ದೀಪ ಮಿಂಚದೆ ಉರಿಯುತ್ತಲೇ ಇರುತ್ತದೆ. ಒಂದು ಬಲ್ಬ್ ಸುಟ್ಟಾಗ ಅಥವಾ ಬ್ಯಾಟರಿ ಇಳಿದಾಗಲೂ ಹೀಗೇ ಆಗಬಹುದು.

ಮೀಟರ್‌ನಲ್ಲಿ ಎರಡೂ ಬದಿಗೆ ಒಂದೇ ಸೂಚಕ ದೀಪವಿರುವ ಬೈಕ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಆ ದೀಪದ ಮೂಲಕ ಆಚೆ ಬದಿಗೆ ಹರಿಯುವ ಅಲ್ಪ ಕರೆಂಟ್ ಎಲ್‌ಇಡಿಗೆ ಸಾಕಾಗುತ್ತದೆ. ಆಗ ಒಂದು ಬದಿಗೆ ಸ್ವಿಚ್ ಹಾಕಿದರೂ ನಾಲ್ಕೂ ದೀಪ ಮಿಂಚುತ್ತವೆ!

ನಿಜವಾದ ದೋಷ ಎಲ್ಲಿ?

ಹೆಚ್ಚಿನ ಸಲ ಅರ್ಥಿಂಗ್‌ನಲ್ಲಿ. ಬಲ್ಬ್‌ನಿಂದ ಕರೆಂಟ್ ಬ್ಯಾಟರಿಗೆ ಮರಳುವುದು ಇಂಡಿಕೇಟರ್‌ನ ಲೋಹದ ಕಾಂಡ ಮತ್ತು ಚಾಸಿ ಮೂಲಕ. ಮಳೆನೀರಿಗೆ ತುಕ್ಕು, ಕಿಲುಬು ಹಿಡಿದರೆ ಆ ದಾರಿ ಕಟ್ಟುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಬೈಕ್‌ನಲ್ಲೂ ಇದೇ ಕತೆ, ಏಕೆಂದರೆ ಪೇಂಟ್ ಮೂಲಕ ಕರೆಂಟ್ ಹರಿಯದು.

ಹೀಗೆ ಪರೀಕ್ಷಿಸಿ

1. ಮೊದಲು ಬ್ಯಾಟರಿ ಚಾರ್ಜ್, ಫ್ಯೂಸ್ ನೋಡಿ. ಬಲ್ಬ್‌ಗಳ ವೋಲ್ಟ್ ಮತ್ತು ವ್ಯಾಟ್ ಸರಿಯಿದೆಯೇ ಗಮನಿಸಿ. 6 ವೋಲ್ಟ್ ಬೈಕ್‌ಗೆ 12 ವೋಲ್ಟ್ ಬಲ್ಬ್ ಹಾಕಿದರೆ ಮಂದವಾಗಿ ಉರಿಯುತ್ತದೆ.

2. ಕೀ ಆಫ್ ಮಾಡಿ, ಎರಡು ಕಾಲಿನ ಫ್ಲಾಶರ್‌ನಿಂದ ಎರಡೂ ವೈರ್ ಕಳಚಿ ಒಂದಕ್ಕೊಂದು ಸೇರಿಸಿ. ಅವು ಚಾಸಿಗೆ ತಾಗಬಾರದು. ಈಗ ಕೀ ಮತ್ತು ಇಂಡಿಕೇಟರ್ ಸ್ವಿಚ್ ಹಾಕಿ. ಎರಡೂ ಬಲ್ಬ್ ಪ್ರಕಾಶವಾಗಿ ಉರಿದರೆ ಫ್ಲಾಶರ್ ಬದಲಿಸಿ. ಉರಿಯದಿದ್ದರೆ ಅಥವಾ ಮಂದವಾಗಿದ್ದರೆ ದೋಷ ಬೇರೆಡೆ ಇದೆ.

3. ಸ್ವಿಚ್ ಹಾಗೇ ಇರಲಿ. ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆಯೋ ಆ ತುದಿಯಿಂದ ಒಂದು ವೈರ್ ತಂದು ಬಲ್ಬ್ ಹೋಲ್ಡರ್‌ನ ಲೋಹಕ್ಕೆ ಮುಟ್ಟಿಸಿ. ಬೆಳಕು ಹೆಚ್ಚಿದರೆ ಅರ್ಥಿಂಗ್ ದೋಷ ಖಚಿತ. ಕಾಂಡ ಕೂರುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ನಟ್ ಬಿಗಿ ಮಾಡಿ.

4. ಹ್ಯಾಂಡಲ್ ತಿರುಗಿಸಿದಾಗ ಮಾತ್ರ ದೀಪ ಆರಿದರೆ, ಅಲ್ಲಿ ಬಾಗುವ ವೈರ್ ಒಳಗೆ ತುಂಡಾಗಿರಬಹುದು.

ಇದನ್ನು ಮಾತ್ರ ಮಾಡಬೇಡಿ

ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅಲ್ಲಿ ದಪ್ಪ ತಂತಿ ಅಥವಾ ಸಿಗರೇಟ್ ಪ್ಯಾಕಿನ ಹಾಳೆ ಸಿಕ್ಕಿಸಬೇಡಿ. ಫ್ಯೂಸ್ ಹೋಗುತ್ತಿದೆ ಎಂದರೆ ಎಲ್ಲೋ ವೈರ್ ಚಾಸಿಗೆ ತಾಗುತ್ತಿರಬಹುದು. ಫ್ಯೂಸ್ ತಡೆಯದಿದ್ದರೆ ಆ ವೈರೇ ಕಾದು ಕರಗುತ್ತದೆ, ಅದೂ ಪೆಟ್ರೋಲ್ ಟ್ಯಾಂಕ್ ಕೆಳಗೆ!

ತೀರ್ಮಾನ: ಎಲ್‌ಇಡಿ ಹಾಕಿದರೆ ಸಾಕು ಎನ್ನುವುದು ತಪ್ಪು. ಎಲ್‌ಇಡಿ ಬೇಕೆಂದರೆ ಅದಕ್ಕೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಶರ್ ಬೇಕು, ಒಂದೇ ಸೂಚಕ ದೀಪವಿದ್ದರೆ ಅದರ ವೈರಿಂಗ್ ಕೂಡ ಬದಲಿಸಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದೂ ಕೈಕೊಡುತ್ತದೆ. ರಿಪೇರಿ ಆಗುವ ತನಕ ತಿರುಗುವ ಮೊದಲು ಕೈ ತೋರಿಸಿ. ಆ ಸಲಹೆ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಮಾಹಿತಿ ಹಂಚಿ.